ಒಬ್ಬರ ಹೆಸರಲ್ಲಿ ಎರಡು ವಿಮಾನ ಟಿಕೆಟ್: ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ?

ಪ್ರಶ್ನೆ: ಮುಂದಿನ ತಿಂಗಳು ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತಿದ್ದೇನೆ. ಹೋಗಿ-ಬರುವ ಟಿಕೆಟ್ ತೆಗೆದಾಗಿದೆ. ವಾಪಸ್ ಬರುವುದು ಮಧ್ಯಾಹ್ನದ ವಿಮಾನದಲ್ಲಿ. ಆದರೆ ಅವತ್ತಿನ ಮೀಟಿಂಗ್ ಎಷ್ಟು ಹೊತ್ತಿಗೆ ಮುಗಿಯುತ್ತದೋ ಗೊತ್ತಿಲ್ಲ. ಅದಕ್ಕೇ ಅದೇ ಕಂಪನಿಯಲ್ಲಿ ಅದೇ ದಿನ ರಾತ್ರಿಯ ವಿಮಾನಕ್ಕೆ ಬಿಡಿಯಾಗಿ ಇನ್ನೊಂದು ಟಿಕೆಟ್ ತೆಗೆದೆ. ಇರಲಿ ಅಂತ ಬೇರೆ ಕಂಪನಿಯಲ್ಲಿ ಮರುದಿನ ಬೆಳಗಿನದ್ದೂ ಒಂದು ಇದೆ. ಮೂರಕ್ಕೂ ಪೂರ್ತಿ ದುಡ್ಡು ಕಟ್ಟಿದ್ದೇನೆ. ಈಗ ಸ್ನೇಹಿತರೊಬ್ಬರು ‘ಹೀಗೆ ಮಾಡಿದರೆ ಎಲ್ಲಾ ಕ್ಯಾನ್ಸಲ್ ಆಗುತ್ತೆ’ ಅಂತ ಹೆದರಿಸಿದ್ದಾರೆ. ದುಡ್ಡು ಕೊಟ್ಟ ಮೇಲೆ ಸೀಟು ನನ್ನದೇ ಅಲ್ವಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮಧ್ಯಾಹ್ನದ್ದು, ರಾತ್ರಿಯದ್ದು ಎರಡೂ ಒಂದೇ ಕಂಪನಿಯವು. ಒಂದೇ ದಾರಿ, ಒಂದೇ ದಿನ. ಇವೆರಡರಲ್ಲಿ ಒಂದು ನಿಮ್ಮನ್ನು ಕೇಳದೆಯೇ ರದ್ದಾಗುವ ಅಪಾಯ ನಿಜವಾಗಿಯೂ ಇದೆ. ಮೂರನೆಯದು ಬೇರೆ ಕಂಪನಿಯದು, ಬೇರೆ ದಿನದ್ದು. ಅದರ ಸೀಟಿನ ಬಗ್ಗೆ ಅಷ್ಟು ಚಿಂತೆ ಬೇಡ, ಅದರ ದುಡ್ಡಿನ ಬಗ್ಗೆ ಇರಲಿ. ‘ಎಲ್ಲಾ ಕ್ಯಾನ್ಸಲ್ ಆಗುತ್ತೆ’ ಅನ್ನುವ ನಿಮ್ಮ ಸ್ನೇಹಿತರ ಮಾತು ಸ್ವಲ್ಪ ಜಾಸ್ತಿಯಾಯಿತು. ಆದರೆ ದುಡ್ಡು ಕೊಟ್ಟರೆ ಸೀಟು ನನ್ನದೇ ಅನ್ನುವ ನಿಮ್ಮ ನಂಬಿಕೆಯೂ ಪೂರ್ತಿ ಸರಿಯಿಲ್ಲ. ನಾನು ಹೆಚ್ಚು ಹೊತ್ತು ಮಾತಾಡಬೇಕಿರುವುದು ಅದರ ಬಗ್ಗೆಯೇ.

ಬುಕಿಂಗ್ ಮತ್ತು ಟಿಕೆಟ್ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಮಾನ ಕಂಪನಿಯ ಕಂಪ್ಯೂಟರಿನಲ್ಲಿ ಅವು ಬೇರೆ ಬೇರೆ ದಾಖಲೆಗಳು. ಬುಕಿಂಗ್ ಅಂದರೆ ಪಿಎನ್‌ಆರ್, ಸಾಮಾನ್ಯವಾಗಿ ಆರು ಅಕ್ಷರ-ಅಂಕಿಗಳ ಕೋಡ್. ಯಾರು, ಯಾವ ವಿಮಾನ, ಯಾವ ದಿನ, ಸೀಟು ಹಿಡಿದಿದೆಯೋ ಇಲ್ಲವೋ ಅನ್ನುವುದು ಅದರಲ್ಲಿರುತ್ತದೆ. ಟಿಕೆಟ್ ಅಂದರೆ 13 ಅಂಕಿಗಳ ನಂಬರಿರುವ ಇ-ಟಿಕೆಟ್. ಮೊದಲ ಮೂರು ಅಂಕಿಗಳು ಅದು ಯಾವ ಕಂಪನಿಯ ಟಿಕೆಟ್ ಎಂದು ಹೇಳುತ್ತವೆ. ನಿಮ್ಮ ದುಡ್ಡಿನ ಲೆಕ್ಕ ಇರುವುದು ಇಲ್ಲಿ. ಪ್ರತಿ ಹಾರಾಟಕ್ಕೂ ಇದರಲ್ಲಿ ಒಂದು ಕೂಪನ್ ಇರುತ್ತದೆ. 2008ರ ಜೂನ್ 1ಕ್ಕೆ ವಿಮಾನ ಕಂಪನಿಗಳ ಜಾಗತಿಕ ಸಂಘವಾದ ಐಎಟಿಎ ಕಾಗದದ ಟಿಕೆಟ್‌ಗಳಿಗೆ ವಿದಾಯ ಹೇಳಿತು, ಕೂಪನ್ ಎಂಬ ಹೆಸರು ಮಾತ್ರ ಉಳಿದುಕೊಂಡಿತು. ಎರಡೂ ಬೇರೆ ಬೇರೆಯಾದ್ದರಿಂದ ಒಂದು ಹೋಗಿ ಇನ್ನೊಂದು ಉಳಿಯಬಹುದು. ಡೂಪ್ಲಿಕೇಟ್ ಎಂದು ಕಂಪನಿ ರದ್ದು ಮಾಡುವುದು ಬುಕಿಂಗನ್ನು. ಸೀಟು ಹೋಗುತ್ತದೆ, ಟಿಕೆಟ್ ಹಾಗೇ ಇರುತ್ತದೆ. ನಿಮ್ಮ ಇಮೇಲ್‌ನಲ್ಲಿ ಟಿಕೆಟ್ ನಂಬರ್ ಕಾಣುತ್ತಿರುತ್ತದೆ, ನೀವು ನಿಶ್ಚಿಂತೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುತ್ತೀರಿ. ಅಲ್ಲಿ ಪ್ರಯಾಣಿಕರ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಇದನ್ನು ಹುಡುಕಿ ತೆಗೆಯುವುದು ಒಬ್ಬ ಸಿಬ್ಬಂದಿ ಕೂತು ಪಟ್ಟಿ ನೋಡಿ ಅಲ್ಲ. ದೊಡ್ಡ ಕಂಪನಿಗಳಲ್ಲಿ ಆದಾಯ ಸೋರದಂತೆ ನೋಡಿಕೊಳ್ಳುವ ರೆವೆನ್ಯೂ ಇಂಟೆಗ್ರಿಟಿ ಎಂಬ ವಿಭಾಗ ಇರುತ್ತದೆ. ಅದರ ಸಾಫ್ಟ್‌ವೇರ್ ಬುಕಿಂಗ್‌ಗಳನ್ನು ಜಾಲಾಡುತ್ತಲೇ ಇರುತ್ತದೆ. ದುಡ್ಡು ಕಟ್ಟುವ ಗಡುವು ಮೀರಿದವು, ಸುಳ್ಳು ಹೆಸರಿನವು, ಒಂದೇ ಸೀಟನ್ನು ಪದೇ ಪದೇ ಬಿಟ್ಟು ಹಿಡಿಯುತ್ತಿರುವವು, ಎಲ್ಲವೂ ಅದರ ಕಣ್ಣಿಗೆ ಬೀಳುತ್ತವೆ. ಅದೇ ಜರಡಿಯಲ್ಲಿ ನಿಮ್ಮಂಥವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲು ಹೆಸರು ಹೊಂದಿಸಿ ನೋಡುತ್ತಾರೆ. ಆಮೇಲೆ ಫೋನ್ ನಂಬರ್, ಇಮೇಲ್, ಫ್ರೀಕ್ವೆಂಟ್ ಫ್ಲೈಯರ್ ನಂಬರ್. ಇವು ತಾಳೆಯಾದರೆ ಇಬ್ಬರೂ ಒಬ್ಬರೇ ಎಂದು ಲೆಕ್ಕ. ಆಮೇಲೆ ಉಳಿಯುವ ಪ್ರಶ್ನೆ ಒಂದೇ: ಈ ಒಬ್ಬ ಮನುಷ್ಯ ಈ ಎರಡೂ ವಿಮಾನಗಳಲ್ಲಿ ಹೋಗಲು ಸಾಧ್ಯವೇ? ಸಾಧ್ಯವಿಲ್ಲ ಅಂದರೆ ಒಂದು ಸೀಟು ಸುಮ್ನೆ ಹಿಡಿದಿಟ್ಟದ್ದು. ನೀವು ದುಡ್ಡು ಕಟ್ಟಿದ್ದೀರೋ ಇಲ್ಲವೋ ಅನ್ನುವುದು ಈ ಪ್ರಶ್ನೆಯ ಉತ್ತರವನ್ನು ಬದಲಿಸುವುದಿಲ್ಲ.

‘ದುಡ್ಡು ಬಂದಿದೆಯಲ್ಲ, ಕಂಪನಿಗೇನು ನಷ್ಟ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಿಫಂಡ್ ಸಿಗುವ ಟಿಕೆಟ್ ಆಗಿದ್ದರೆ ನಷ್ಟ ಕಣ್ಣಿಗೇ ಕಾಣುತ್ತದೆ. ನೀವು ಕೊನೆ ಗಳಿಗೆಯಲ್ಲಿ ಬಿಟ್ಟ ಸೀಟನ್ನು ಮಾರಲು ಅವರಿಗೆ ಸಮಯ ಉಳಿಯುವುದಿಲ್ಲ, ಅದು ಖಾಲಿ ಹಾರುತ್ತದೆ. ರಿಫಂಡ್ ಇಲ್ಲದ ಟಿಕೆಟ್ಟಿನಲ್ಲಿ ದುಡ್ಡೇನೋ ಕಂಪನಿಯ ಹತ್ತಿರವೇ ಇರುತ್ತದೆ. ಆದರೂ ಲೆಕ್ಕ ಕೆಡುತ್ತದೆ. ಎಷ್ಟು ಜನ ಬರುವುದಿಲ್ಲ ಎಂದು ಅಂದಾಜು ಹಾಕಿ ಅನೇಕ ಕಂಪನಿಗಳು ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುತ್ತವೆ. ಬಾರದವರು ಹೆಚ್ಚಾದಷ್ಟೂ ಈ ಹೆಚ್ಚುವರಿ ಮಾರಾಟವೂ ಬೆಳೆಯುತ್ತದೆ. ಅಂದಾಜು ತಪ್ಪಿದ ದಿನ ಗೇಟಿನಲ್ಲಿ ನಿಲ್ಲಬೇಕಾಗುವುದು ಇದಕ್ಕೆ ಏನೂ ಸಂಬಂಧವಿಲ್ಲದ ಇನ್ನೊಬ್ಬ ಪ್ರಯಾಣಿಕ. ಮನೆಯಲ್ಲಿ ಸಾವಾಗಿದೆ, ಇವತ್ತೇ ಹೊರಡಬೇಕು ಎಂದು ಫೋನ್ ಮಾಡುವವರಿಗೆ ‘ಸೀಟಿಲ್ಲ’ ಎಂದು ಹೇಳುವುದು ರಿಸರ್ವೇಶನ್ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು. ಆ ವಿಮಾನದಲ್ಲಿ ಒಬ್ಬರೇ ಹಿಡಿದಿಟ್ಟ ಎರಡನೇ ಸೀಟು ಇದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ನಿಮಗೆ ಇದು ಗೊತ್ತಿರಲಿಲ್ಲ.

ಇನ್ನು ನಿಯಮ. ನೀವು ಟಿಕೆಟ್ ತೆಗೆದಾಗ ‘ಒಪ್ಪಿದ್ದೇನೆ’ ಎಂದು ಟಿಕ್ ಮಾಡಿದ ಷರತ್ತುಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ರೀತಿ ಬರೆದಿರುತ್ತದೆ. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಅತ್ಯಂತ ಸ್ಪಷ್ಟವಾಗಿ ಬರೆದವರಲ್ಲಿ ಒಂದು. ಒಬ್ಬ ಪ್ರಯಾಣಿಕನಿಗೆ ಒಂದೇ ದಿನ ಒಂದೇ ಊರಿನಿಂದ ಹೊರಡುವ ಒಂದಕ್ಕಿಂತ ಹೆಚ್ಚು ಬುಕಿಂಗ್ ಕೂಡದು, ಒಂದರ ಮೇಲೊಂದು ಬೀಳುವ ಪ್ರಯಾಣವೂ ಕೂಡದು, ಇದ್ದರೆ ಮುಂಚೆ ತಿಳಿಸದೆ ರದ್ದು ಮಾಡುತ್ತೇವೆ ಎಂದು ಅವರ ಒಪ್ಪಂದ ಹೇಳುತ್ತದೆ. ಅಮೆರಿಕನ್ ಏರ್‌ಲೈನ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಪ್‌ಗ್ರೇಡ್ ಸಿಕ್ಕರೂ ಸಿಗಲಿ ಎಂದು ಬುಕಿಂಗ್ ಹಿಡಿದಿಡುವುದು, ಹಾರುವ ಉದ್ದೇಶವೇ ಇಲ್ಲದೆ ಲೌಂಜ್‌ಗೆ ಹೋಗಲು ಟಿಕೆಟ್ ಕೊಳ್ಳುವುದು, ಇವೆರಡನ್ನೂ ನಿಷೇಧಿತ ಪಟ್ಟಿಯಲ್ಲಿಟ್ಟಿದೆ. ಸಿಕ್ಕಿಬಿದ್ದರೆ ರಿಫಂಡ್ ಸಿಗಬೇಕಾದ ಟಿಕೆಟ್ಟಿಗೂ ರಿಫಂಡ್ ಕೊಡದಿರುವ ಹಕ್ಕನ್ನು ಇಟ್ಟುಕೊಂಡಿದೆ. ನಿಮ್ಮ ಕಂಪನಿಯ ಮಾತುಗಳು ಬೇರೆ ಇರಬಹುದು. ಅವರ ಕಂಡೀಷನ್ಸ್ ಆಫ್ ಕ್ಯಾರೇಜ್ (ಪ್ರಯಾಣದ ಷರತ್ತುಗಳು) ತೆರೆದು ‘ಡೂಪ್ಲಿಕೇಟ್’ ಎಂಬ ಪದ ಹುಡುಕಿ ನೋಡಿ, ಎರಡು ನಿಮಿಷದ ಕೆಲಸ.

ಎರಡರಲ್ಲಿ ಯಾವುದು ಹೋಗುತ್ತದೆ? ಇದನ್ನು ಎಲ್ಲರೂ ಕೇಳುತ್ತಾರೆ. ದುಡ್ಡು ಕಟ್ಟದ ಬುಕಿಂಗ್ ಇದ್ದರೆ ಸಾಮಾನ್ಯವಾಗಿ ಮೊದಲ ಬಲಿ ಅದೇ. ಎರಡಕ್ಕೂ ದುಡ್ಡು ಕಟ್ಟಿದ್ದರೆ ಆಯ್ಕೆ ಕಂಪನಿಯ ಕೈಯಲ್ಲಿ. ನೀವು ಉಳಿಸಿಕೊಳ್ಳಬೇಕೆಂದಿದ್ದು ಯಾವುದು ಎಂದು ಆ ಸಾಫ್ಟ್‌ವೇರಿಗೆ ಗೊತ್ತಿಲ್ಲ. ಭದ್ರತೆಗೆಂದು ನೀವು ಎರಡನೆಯದನ್ನು ತೆಗೆದಿರಿ. ಅದರಿಂದ ಮೊದಲನೆಯದಕ್ಕಿದ್ದ ಭದ್ರತೆಯೂ ಹೋಯಿತು. ಇದಕ್ಕೇ ನಾನು ಒಂದೇ ಕಂಪನಿಯಲ್ಲಿ ಎರಡು ಬುಕಿಂಗ್ ಬೇಡವೇ ಬೇಡ ಅನ್ನುವುದು.

ರದ್ದಾದ ಬುಕಿಂಗಿನ ದುಡ್ಡಿನ ಕತೆ ಏನು? ಟಿಕೆಟ್ ಉಳಿದಿರುತ್ತದೆ ಅಂದೆನಲ್ಲ, ಅದರ ಕೂಪನ್ ಇನ್ನೂ ಬಳಕೆಯಾಗದೆ ‘ಓಪನ್’ ಇರುತ್ತದೆ. ಅದನ್ನು ರಿಫಂಡ್ ಮಾಡಿಸಬಹುದೋ, ಬೇರೆ ದಿನಕ್ಕೆ ಬದಲಿಸಬಹುದೋ ಅನ್ನುವುದು ಆ ದರದ ನಿಯಮದ ಮೇಲೆ ನಿಂತಿದೆ. ರಿಫಂಡ್ ಇಲ್ಲದ ಅಗ್ಗದ ಟಿಕೆಟ್ ಆದರೆ ಬರುವುದು ಬಹಳ ಕಡಿಮೆ. ಆದರೂ ಕೇಳದೆ ಬಿಡಬೇಡಿ. ಪ್ರಯಾಣ ಮಾಡದವರಿಗೆ ವಿಮಾನ ನಿಲ್ದಾಣದ ಕೆಲವು ತೆರಿಗೆ-ಶುಲ್ಕಗಳನ್ನು ಅನೇಕ ಕಡೆ ವಾಪಸ್ ಕೊಡುತ್ತಾರೆ, ಅರ್ಜಿ ಹಾಕಿದವರಿಗೆ ಮಾತ್ರ. ದುಡ್ಡು ತಾನಾಗಿ ಖಾತೆಗೆ ಬರುತ್ತದೆ ಎಂದು ಕಾಯುತ್ತಾ ಕೂತವರು ಟಿಕೆಟ್ಟಿನ ಅವಧಿಯನ್ನೇ ಮುಗಿಸಿಕೊಂಡಿದ್ದಾರೆ.

ಎಲ್ಲಾ ಎರಡೆರಡು ಬುಕಿಂಗೂ ತಪ್ಪಲ್ಲ. ದಿನಾಂಕಗಳು ಒಂದರೊಳಗೊಂದು ಬಂದರೆ ಅದು ಡೂಪ್ಲಿಕೇಟ್ ಆಗುವುದಿಲ್ಲ. ಒಂದನೇ ತಾರೀಖು ಹೋಗಿ ಮೂವತ್ತಕ್ಕೆ ಬರುವ ಟಿಕೆಟ್ ಒಂದಿದೆ ಎಂದುಕೊಳ್ಳಿ. ನಡುವೆ ಹತ್ತಕ್ಕೆ ಮನೆಗೆ ಬಂದು ಇಪ್ಪತ್ತಕ್ಕೆ ಮತ್ತೆ ಹೋಗುವ ಟಿಕೆಟ್ ಇನ್ನೊಂದಿದೆ. ನಾಲ್ಕು ಹಾರಾಟಗಳನ್ನೂ ಒಬ್ಬರೇ ಸಾಲಾಗಿ ಮಾಡಬಹುದು, ಎಲ್ಲೂ ಡಿಕ್ಕಿಯಿಲ್ಲ. ಆದರೆ ಇಲ್ಲಿ ಇನ್ನೊಂದು ಗೆರೆ ಇದೆ. ಅಗ್ಗದ ದರಕ್ಕೆ ‘ಕನಿಷ್ಠ ಇಷ್ಟು ದಿನ ಅಲ್ಲಿ ಇರಬೇಕು’ ಎಂಬ ಷರತ್ತು ಇದ್ದಾಗ, ಅದನ್ನು ತಪ್ಪಿಸಿಕೊಳ್ಳಲೆಂದೇ ಎರಡು ಟಿಕೆಟ್‌ಗಳನ್ನು ಹೀಗೆ ಹೆಣೆಯುವುದುಂಟು. ಇದಕ್ಕೆ ಬ್ಯಾಕ್-ಟು-ಬ್ಯಾಕ್ ಟಿಕೆಟಿಂಗ್ ಅನ್ನುತ್ತಾರೆ, ಹಲವು ಕಂಪನಿಗಳು ನಿಷೇಧಿಸಿವೆ. ನಿಜವಾಗಿ ನಡುವೆ ಮನೆಗೆ ಬರಬೇಕಾಗಿ ಬಂದವರು, ದರದ ಷರತ್ತನ್ನು ಮುರಿಯದವರು ಹೆದರಬೇಕಿಲ್ಲ.

ನಿಮ್ಮ ವಿಷಯದಲ್ಲಿ ಮಧ್ಯಾಹ್ನದ್ದು ಹೋಗಿ-ಬರುವ ಟಿಕೆಟ್ಟಿನ ಎರಡನೇ ಅರ್ಧ ಅನ್ನುವುದು ಒಂದು ರೀತಿಯಲ್ಲಿ ಒಳ್ಳೆಯದಾಯಿತು. ಕೂಪನ್‌ಗಳನ್ನು ಕ್ರಮವಾಗಿಯೇ ಬಳಸಬೇಕು ಎಂಬುದು ಬಹುತೇಕ ಕಂಪನಿಗಳ ನಿಯಮ. ಮೊದಲ ಹಾರಾಟಕ್ಕೆ ಬಾರದಿದ್ದರೆ ನೋ-ಶೋ ಎಂದು ಬರೆದು ಮುಂದಿನದ್ದನ್ನೆಲ್ಲ ರದ್ದು ಮಾಡುತ್ತಾರೆ. ಕೊನೆಯ ಕೂಪನ್ ಬಿಟ್ಟರೆ ಅದರ ಮುಂದೆ ರದ್ದಾಗಲು ಏನೂ ಇರುವುದಿಲ್ಲ. ಆದರೆ ಕೆಲವರು ಎರಡು ಪೂರ್ತಿ ಹೋಗಿ-ಬರುವ ಟಿಕೆಟ್ ತೆಗೆಯುತ್ತಾರೆ. ಒಂದರಲ್ಲಿ ಹೋಗುತ್ತೇನೆ, ವಾಪಸ್ ಬರುವಾಗ ಎರಡರಲ್ಲಿ ಯಾವುದು ಅನುಕೂಲವೋ ಅದರಲ್ಲಿ ಬರುತ್ತೇನೆ ಅನ್ನುವ ಲೆಕ್ಕ. ಈ ಲೆಕ್ಕ ನಡೆಯುವುದಿಲ್ಲ. ಎರಡನೇ ಟಿಕೆಟ್ಟಿನ ಮೊದಲ ಹಾರಾಟಕ್ಕೆ ನೀವು ಹೋಗಲಿಲ್ಲ, ಹಾಗಾಗಿ ಅದರ ವಾಪಸ್ ಹಾರಾಟ ಅವತ್ತೇ ಸತ್ತಿರುತ್ತದೆ. ವಾಪಸ್‌ಗೆ ಆಯ್ಕೆ ಬೇಕಿದ್ದರೆ ಒನ್-ವೇ ಟಿಕೆಟ್ಟೇ ಆಗಬೇಕು.

ಈಗ ಬೇರೆ ಕಂಪನಿಯ ಮಾತು. ಒಂದು ಕಂಪನಿಯವರಿಗೆ ಇನ್ನೊಂದು ಕಂಪನಿಯ ಬುಕಿಂಗ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ. ನೀವು ಅಲ್ಲಿ ಏನು ತೆಗೆದಿದ್ದೀರಿ ಎಂದು ನೋಡಿ ಇಲ್ಲಿ ರದ್ದು ಮಾಡಲು ಇವರಿಗೆ ದಾರಿಯಿಲ್ಲ. ಆದ್ದರಿಂದ ಸೀಟಿನ ಮಟ್ಟಿಗೆ ಮರುದಿನದ ಟಿಕೆಟ್ ಭದ್ರ. ಎರಡು ಕಡೆ ಮಾತ್ರ ಎಚ್ಚರಿಕೆ ಬೇಕು. ಒಂದು, ಕೋಡ್‌ಶೇರ್. ಎರಡು ಕಂಪನಿಗಳ ಹೆಸರು, ಎರಡು ಫ್ಲೈಟ್ ನಂಬರ್ ಇದ್ದರೂ ಹಾರುವುದು ಒಂದೇ ವಿಮಾನ ಆಗಿರಬಹುದು. ಬುಕಿಂಗಿನಲ್ಲಿ ‘ಆಪರೇಟೆಡ್ ಬೈ’ ಎಂಬ ಸಾಲನ್ನು ಓದಿ. ಆ ವಿಮಾನ ಹಾರಿಸುವ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಹೆಸರು ಎರಡು ಸಲ ಬಂದರೆ ಕತೆ ಮತ್ತೆ ಮೊದಲಿಗೆ ಬರುತ್ತದೆ. ಇನ್ನೊಂದು, ಏಜೆಂಟ್. ಟ್ರಾವೆಲ್ ಏಜೆಂಟರು ಅಮಾಡಿಯಸ್, ಸೇಬರ್, ಟ್ರಾವೆಲ್‌ಪೋರ್ಟ್ ಮುಂತಾದ ವ್ಯವಸ್ಥೆಗಳಲ್ಲಿ ಬುಕ್ ಮಾಡುತ್ತಾರೆ. ಡೂಪ್ಲಿಕೇಟ್ ಮಾಡಿದ ಏಜೆಂಟರಿಗೆ ಕಂಪನಿ ಎಡಿಎಂ ಕಳಿಸಬಹುದು. ಎಡಿಎಂ ಅಂದರೆ ಏಜೆನ್ಸಿ ಡೆಬಿಟ್ ಮೆಮೊ, ಏಜೆಂಟರ ಕೈಯಿಂದ ಹಣ ವಸೂಲಿ ಮಾಡುವ ಚೀಟಿ. ಒಳ್ಳೆಯ ಏಜೆಂಟರು ನಿಮಗಾಗಿ ಎರಡು ಬುಕಿಂಗ್ ಹಿಡಿದಿಡಲು ಒಪ್ಪದಿದ್ದರೆ ಅದು ಸೋಮಾರಿತನ ಅಂದುಕೊಳ್ಳಬೇಡಿ.

ಸಿಕ್ಕಿಬೀಳದಿರಲು ಒಂದರಲ್ಲಿ ಇನಿಶಿಯಲ್ ಬಿಟ್ಟು, ಇನ್ನೊಂದರಲ್ಲಿ ಸ್ಪೆಲಿಂಗ್ ಬದಲಿಸಿ ಬುಕ್ ಮಾಡಿ ಎಂಬ ಸಲಹೆ ಓಡಾಡುತ್ತಿರುತ್ತದೆ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯ ಹೆಸರಿಗೆ ಹೊಂದಬೇಕು. ಅಮೆರಿಕಕ್ಕೆ ಹೋಗಿಬರುವ ವಿಮಾನಗಳಲ್ಲಿ ಪ್ರತಿ ಪ್ರಯಾಣಿಕನ ಪೂರ್ತಿ ಹೆಸರು, ಹುಟ್ಟಿದ ದಿನ, ಲಿಂಗ ಇವೆಲ್ಲ ಸೆಕ್ಯೂರ್ ಫ್ಲೈಟ್ ಎಂಬ ಅಲ್ಲಿನ ಸರ್ಕಾರದ ಭದ್ರತಾ ತಪಾಸಣೆಗೆ ಮುಂಚಿತವಾಗಿಯೇ ಹೋಗುತ್ತವೆ. ಎರಡು ಬುಕಿಂಗಿಂದ ಹೆಚ್ಚೆಂದರೆ ಒಂದು ಸೀಟು ಹೋಗುತ್ತದೆ. ತಪ್ಪು ಹೆಸರಿನಿಂದ ಪ್ರಯಾಣವೇ ನಿಲ್ಲಬಹುದು.

ಏನೂ ತಪ್ಪು ಮಾಡದವರೂ ಈ ಜರಡಿಯಲ್ಲಿ ಸಿಗುತ್ತಾರೆ, ಅವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಒಂದೇ ಹೆಸರಿನ ಇಬ್ಬರು ಒಂದೇ ವಿಮಾನದಲ್ಲಿ ಹೋಗುವುದು ಅಪರೂಪವೇನಲ್ಲ. ತಂದೆ-ಮಗನಿಗೆ ಒಂದೇ ಹೆಸರಿರಬಹುದು. ಒಂದು ಕುಟುಂಬದವರೆಲ್ಲ ಒಂದೇ ಫೋನ್ ನಂಬರ್, ಒಂದೇ ಇಮೇಲ್ ಕೊಟ್ಟಿರಬಹುದು. ಹೆಸರು, ಫೋನ್, ಇಮೇಲ್ ಮೂರೂ ತಾಳೆಯಾದರೆ ಸಾಫ್ಟ್‌ವೇರ್ ಇಬ್ಬರನ್ನು ಒಬ್ಬರು ಎಂದುಕೊಳ್ಳುತ್ತದೆ. ಇಂಥ ಸಂದರ್ಭದಲ್ಲಿ ಸಾಧ್ಯವಾದರೆ ಇಬ್ಬರನ್ನೂ ಒಂದೇ ಪಿಎನ್‌ಆರ್‌ನಲ್ಲಿ ಸೇರಿಸಿ. ಬೇರೆ ಬೇರೆ ಆಗಲೇಬೇಕಿದ್ದರೆ ಇಬ್ಬರ ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ ಆಗಲೇ ತುಂಬಿಸಿ, ಫೋನ್ ನಂಬರ್ ಬೇರೆ ಬೇರೆ ಕೊಡಿ. ಆಮೇಲೆ ಕಂಪನಿಗೆ ಫೋನ್ ಮಾಡಿ ‘ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಪ್ರಯಾಣಿಕರು’ ಎಂದು ಎರಡೂ ಬುಕಿಂಗಿನಲ್ಲಿ ಟಿಪ್ಪಣಿ ಹಾಕಿಸಿ. ಇದು ಮಾಮೂಲಿ ಕೆಲಸ, ಕೌಂಟರಿನವರಿಗೆ ಗೊತ್ತಿರುತ್ತದೆ.

ಇನ್ನು ಕೆಲವರು ಪಕ್ಕದ ಸೀಟೂ ತಮಗೇ ಬೇಕು ಎಂದು ಒಂದೇ ವಿಮಾನಕ್ಕೆ ತಮ್ಮ ಹೆಸರಲ್ಲೇ ಎರಡು ಟಿಕೆಟ್ ತೆಗೆಯುತ್ತಾರೆ. ದೊಡ್ಡ ಮೈಕಟ್ಟಿನವರು, ಕಾಲಿಗೆ ಆಪರೇಷನ್ ಆದವರು, ಚೆಲ್ಲೋದಂಥ ದೊಡ್ಡ ವಾದ್ಯ ಒಯ್ಯುವವರು. ಬೇಡಿಕೆ ನ್ಯಾಯವಾದದ್ದೇ, ದಾರಿ ತಪ್ಪು. ಇದಕ್ಕೆ ಬುಕಿಂಗ್ ವ್ಯವಸ್ಥೆಯಲ್ಲಿ ಬೇರೆಯೇ ಕೋಡ್‌ಗಳಿವೆ. ಹೆಚ್ಚುವರಿ ಸೀಟಿಗೆ ಇಎಕ್ಸ್‌ಎಸ್‌ಟಿ, ಸೀಟಿನ ಮೇಲಿಡುವ ಸಾಮಾನಿಗೆ ಸಿಬಿಬಿಜಿ. ಅದೇ ಪಿಎನ್‌ಆರ್‌ನಲ್ಲಿ ಈ ಕೋಡ್ ಹಾಕಿಸಿ ತೆಗೆದ ಸೀಟನ್ನು ಡೂಪ್ಲಿಕೇಟ್ ಎಂದು ಯಾರೂ ಎಳೆಯುವುದಿಲ್ಲ. ವೆಬ್‌ಸೈಟಿನಲ್ಲಿ ಆಯ್ಕೆ ಕಾಣದಿದ್ದರೆ ಫೋನ್ ಮಾಡಿಯೇ ಮಾಡಿಸಬೇಕು.

ಬೇಕಂತಲೇ ಮಾಡದ ಡೂಪ್ಲಿಕೇಟ್ ಇನ್ನೊಂದಿದೆ, ಇದೇ ಅತಿ ಸಾಮಾನ್ಯ. ದುಡ್ಡು ಕಟ್ಟುವಾಗ ಪರದೆ ಸುತ್ತುತ್ತಾ ನಿಲ್ಲುತ್ತದೆ. ‘ವಿಫಲ’ ಎಂದು ಬರುತ್ತದೆ. ನೀವು ಮತ್ತೆ ಒತ್ತುತ್ತೀರಿ. ಸ್ವಲ್ಪ ಹೊತ್ತಿಗೆ ಎರಡು ಇಮೇಲ್ ಬರುತ್ತವೆ, ಎರಡು ಪಿಎನ್‌ಆರ್. ಇಲ್ಲಿ ಮೊದಲು ನೋಡಬೇಕಾದದ್ದು ಎರಡರಲ್ಲೂ 13 ಅಂಕಿಗಳ ಟಿಕೆಟ್ ನಂಬರ್ ಇದೆಯಾ ಎಂದು. ಒಂದರಲ್ಲಿ ಮಾತ್ರ ಇದ್ದರೆ ಇನ್ನೊಂದು ಬರೀ ಬುಕಿಂಗ್, ಗಡುವು ಮುಗಿದ ಮೇಲೆ ತಾನಾಗಿ ಬೀಳುತ್ತದೆ. ಅದರ ದುಡ್ಡು ಕಾರ್ಡಿನಲ್ಲಿ ತಡೆದಿಟ್ಟಂತೆ ಕಾಣುತ್ತಿದ್ದರೆ ಅದು ಬಿಡುಗಡೆಯಾಗುತ್ತದೆ. ಎರಡರಲ್ಲೂ ನಂಬರ್ ಇದ್ದರೆ ಅವತ್ತೇ ಫೋನ್ ಮಾಡಿ. ಒಂದೇ ಹೆಸರು, ಒಂದೇ ವಿಮಾನ, ನಿಮಿಷಗಳ ಅಂತರದಲ್ಲಿ ಆದ ಎರಡು ಟಿಕೆಟ್ ಎಂದು ಕಂಡರೆ ಕಂಪನಿಗಳು ಸಾಮಾನ್ಯವಾಗಿ ಒಂದನ್ನು ರಿಫಂಡ್ ಮಾಡುತ್ತವೆ. ವಿಮಾನ ಹಾರಿದ ಮೇಲೆ ಹೇಳಿದರೆ ನೀವು ಬಾರದ ಪ್ರಯಾಣಿಕ ಎಂದು ದಾಖಲಾಗಿರುತ್ತದೆ, ಆಗ ವಾದ ಮಾಡುವುದು ಕಷ್ಟ. ಅಮೆರಿಕದಲ್ಲಿ ಇದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಹೊರಡಲು ಏಳು ದಿನ ಅಥವಾ ಹೆಚ್ಚು ಇರುವಾಗ ಕಂಪನಿಯಲ್ಲೇ ನೇರವಾಗಿ ಬುಕ್ ಮಾಡಿದರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಲು ಬಿಡಬೇಕು, ಇಲ್ಲವೇ ದುಡ್ಡಿಲ್ಲದೆ 24 ಗಂಟೆ ಅದೇ ದರಕ್ಕೆ ಸೀಟು ಹಿಡಿದಿಡಬೇಕು.

ಎರಡನೇ ಟಿಕೆಟ್ ತೆಗೆಯುವುದು ನಿಜಕ್ಕೂ ಜಾಣತನ ಆಗುವ ಒಂದು ಸಂದರ್ಭವೂ ಇದೆ. ಮುಷ್ಕರ, ಬಿರುಗಾಳಿ, ಗಂಟೆಗಟ್ಟಲೆ ತಡ. ನಿಮ್ಮ ವಿಮಾನ ಹಾರುವುದು ಅನುಮಾನ, ತಲುಪಲೇಬೇಕು. ಆಗ ಬೇರೆ ಕಂಪನಿಯಲ್ಲಿ ಒಂದು ಸೀಟು ಹಿಡಿಯುವುದನ್ನು ನಾನೇ ಸಲಹೆ ಮಾಡುತ್ತೇನೆ. ಆದರೆ ಹಿಡಿದ ತಕ್ಷಣ ಗಾಬರಿಯಲ್ಲಿ ಹಳೆಯದನ್ನು ನೀವಾಗಿ ರದ್ದು ಮಾಡಬೇಡಿ. ನೀವು ರದ್ದು ಮಾಡಿದರೆ ನಿಮ್ಮ ದರದ ನಿಯಮದಂತೆ ಮಾತ್ರ ದುಡ್ಡು ಬರುತ್ತದೆ. ಕಂಪನಿಯೇ ರದ್ದು ಮಾಡಿದರೆ ಪೂರ್ತಿ ರಿಫಂಡ್ ನಿಮ್ಮ ಹಕ್ಕು. ಯುರೋಪಿನ 261/2004 ನಿಯಮದಲ್ಲಿ ರಿಫಂಡ್ ಅಥವಾ ಬೇರೆ ವಿಮಾನ, ಎರಡರಲ್ಲಿ ಆಯ್ಕೆ ನಿಮ್ಮದು, ರಿಫಂಡ್ ಏಳು ದಿನದೊಳಗೆ ಬರಬೇಕು. ಅಮೆರಿಕದಲ್ಲಿ 2024ರ ನಿಯಮದ ಪ್ರಕಾರ ದೇಶದೊಳಗೆ ಮೂರು ಗಂಟೆ, ಹೊರದೇಶಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ತಡವಾಗಿ ನೀವು ಪ್ರಯಾಣ ಬೇಡವೆಂದರೂ ರಿಫಂಡ್ ಕೊಡಬೇಕು. ಇನ್ನೊಂದು ಮಾತು. ಹೀಗೆ ಏರುಪೇರಾದಾಗ ಕಂಪನಿ ತಾನಾಗಿ ನಿಮ್ಮನ್ನು ಮುಂದಿನ ವಿಮಾನಕ್ಕೆ ಹಾಕಿರುತ್ತದೆ. ಅದು ಗೊತ್ತಾಗದೆ ನೀವು ಅದೇ ಕಂಪನಿಯಲ್ಲಿ ದುಡ್ಡು ಕೊಟ್ಟು ಹೊಸದೊಂದು ತೆಗೆದರೆ ಅವರ ಕೈಯಿಂದಲೇ ಡೂಪ್ಲಿಕೇಟ್ ಹುಟ್ಟುತ್ತದೆ. ಮೊದಲು ಹಳೆಯ ಪಿಎನ್‌ಆರ್ ತೆರೆದು ನೋಡಿ.

ವೀಸಾಕ್ಕೆ ತೋರಿಸಲೆಂದು ತೆಗೆಯುವ ಬುಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಜಿಗೆ ಒಂದು ಬುಕಿಂಗ್, ನಿಜ ಪ್ರಯಾಣಕ್ಕೆ ಇನ್ನೊಂದು ಎಂದು ಒಂದೇ ಕಂಪನಿಯಲ್ಲಿ ಇಟ್ಟುಕೊಂಡರೆ ಜರಡಿಗೆ ಎರಡೂ ಒಂದೇ. ರಿಫಂಡ್ ಸಿಗುವ ಒಂದೇ ಟಿಕೆಟ್ ತೆಗೆದು, ವೀಸಾ ಬಂದ ಮೇಲೆ ಅದರ ದಿನವನ್ನೇ ಬದಲಿಸಿ. ದುಡ್ಡು ಕಟ್ಟದ ಬುಕಿಂಗ್ ಅನ್ನು ‘ಟಿಕೆಟ್’ ಎಂದು ಮಾರುವವರಿಂದ ದೂರ ಇರಿ.

ಎರಡಕ್ಕೂ ಚೆಕ್-ಇನ್ ಮಾಡಿಟ್ಟುಕೊಳ್ಳುವ ಯೋಚನೆ ಇದ್ದರೆ ಅದನ್ನೂ ಬಿಡಿ. ಚೆಕ್-ಇನ್ ಮಾಡಿದವರು ಗೇಟಿಗೆ ಬಾರದಿದ್ದರೆ ಹೆಸರು ಕೂಗುತ್ತಾರೆ, ಕಾಯುತ್ತಾರೆ. ಬ್ಯಾಗ್ ಹಾಕಿದ್ದರಂತೂ ಅದನ್ನು ಹುಡುಕಿ ಇಳಿಸುವವರೆಗೆ ವಿಮಾನ ಕದಲದಿರಬಹುದು. ಇದರ ಹಿಂದೆ ದೊಡ್ಡ ನೋವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ 182ನೇ ವಿಮಾನ ಬಾಂಬಿಗೆ ಸಿಕ್ಕಿ ಅಟ್ಲಾಂಟಿಕ್ ಮೇಲೆ ಚೂರಾಯಿತು, 329 ಜನ ಸತ್ತರು. ಬಾಂಬಿದ್ದ ಬ್ಯಾಗಿನ ‘ಪ್ರಯಾಣಿಕ’ ವಿಮಾನ ಹತ್ತಿಯೇ ಇರಲಿಲ್ಲ. ಹತ್ತದವರ ಬ್ಯಾಗು ವಿಮಾನದಲ್ಲಿ ಹೋಗಬಾರದು ಎಂಬ ಕಟ್ಟುನಿಟ್ಟು ಅಲ್ಲಿಂದ ಬಿಗಿಯಾಯಿತು. ಹಾಗಾಗಿ ಚೆಕ್-ಇನ್ ಆದ ಮೇಲೆ ಬಾರದಿರುವುದು ಯಾವ ಕಂಪನಿಗೂ ಸಣ್ಣ ವಿಷಯವಲ್ಲ. ಪ್ರಯಾಣ ಬೇಡವಾದರೆ ಚೆಕ್-ಇನ್ ವಾಪಸ್ ತೆಗೆಸಿಯೇ ಬುಕಿಂಗ್ ರದ್ದು ಮಾಡಬೇಕು.

ಈಗ ನಿಮ್ಮ ಮೂರು ಟಿಕೆಟ್‌ಗಳಿಗೆ ಬರೋಣ. ನಿಮಗೆ ಬೇಕಿರುವುದು ಎರಡು ಸೀಟಲ್ಲ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸುವ ಅವಕಾಶ. ಅದನ್ನು ಎರಡು ಟಿಕೆಟ್‌ನಿಂದ ಕೊಳ್ಳುವ ಬದಲು ಬಾಗುವ ಒಂದು ಟಿಕೆಟ್‌ನಿಂದ ಕೊಳ್ಳಿ. ಮಧ್ಯಾಹ್ನದ ಟಿಕೆಟ್ಟಿನ ದರದ ನಿಯಮ ತೆರೆದು ಎರಡು ವಿಷಯ ಹುಡುಕಿ: ಬದಲಿಸಲು ಎಷ್ಟು ಶುಲ್ಕ, ಮತ್ತು ಅದೇ ದಿನದ ಬೇರೆ ವಿಮಾನಕ್ಕೆ ಬದಲಿಸುವ ಸೌಲಭ್ಯ ಇದೆಯೇ. ಸೇಮ್-ಡೇ ಚೇಂಜ್ ಅಥವಾ ಸ್ಟ್ಯಾಂಡ್‌ಬೈ ಎಂಬ ಹೆಸರಲ್ಲಿ ಹಲವು ಕಂಪನಿಗಳು ಇದನ್ನು ಕೊಡುತ್ತವೆ, ಅನೇಕ ಸಲ ಹೊಸ ಟಿಕೆಟ್ಟಿಗಿಂತ ಬಹಳ ಕಡಿಮೆಗೆ. ಇದ್ದರೆ ರಾತ್ರಿಯ ಟಿಕೆಟ್ ಬೇಕಾಗಿಯೇ ಇಲ್ಲ. ಇಲ್ಲದಿದ್ದರೆ ಒಂದು ಮಾತು ಪ್ರಾಮಾಣಿಕವಾಗಿ ಯೋಚಿಸಿ: ಮೀಟಿಂಗ್ ತಡವಾಗುವುದೇ ಹೆಚ್ಚು ಸಂಭವ ಅಲ್ವಾ? ಹಾಗಿದ್ದರೆ ರಾತ್ರಿಯದ್ದನ್ನು ಉಳಿಸಿಕೊಂಡು ಮಧ್ಯಾಹ್ನದ ಹಾರಾಟವನ್ನು ಬಿಡಿ. ಬಿಡುವಾಗ ಹೋಗುವ ಹಾರಾಟಕ್ಕೆ ಕೈ ತಗುಲದಂತೆ ಎಚ್ಚರ. ವೆಬ್‌ಸೈಟಿನ ‘ಕ್ಯಾನ್ಸಲ್’ ಗುಂಡಿ ಹೋಗಿ-ಬರುವ ಇಡೀ ಬುಕಿಂಗನ್ನು ಒಟ್ಟಿಗೆ ಎತ್ತಿಬಿಡಬಹುದು. ವಾಪಸ್ ಹಾರಾಟ ಮಾತ್ರ ತೆಗೆಯುವ ಆಯ್ಕೆ ಸ್ಪಷ್ಟವಾಗಿ ಕಾಣದಿದ್ದರೆ ಫೋನ್ ಮಾಡಿ ಮಾಡಿಸಿ.

ಮರುದಿನದ ಟಿಕೆಟ್ ಇಟ್ಟುಕೊಳ್ಳಬೇಕೋ ಬೇಡವೋ ನಿಮ್ಮ ಲೆಕ್ಕ. ರಿಫಂಡ್ ಸಿಗುವ ಟಿಕೆಟ್ ಆಗಿದ್ದರೆ ಇಟ್ಟುಕೊಳ್ಳಿ. ಆದರೆ ಮೀಟಿಂಗ್ ಮುಗಿದು ಹಿಂದಿನ ರಾತ್ರಿ ವಿಮಾನ ಹತ್ತಿದಿರಿ ಅಂದರೆ ಅಲ್ಲಿಂದಲೇ ಅದನ್ನು ರದ್ದು ಮಾಡಿ. ಹಾರುವ ಮುಂಚೆ ರದ್ದು ಮಾಡಿದರೆ ಸಿಗುವ ದುಡ್ಡು ನೋ-ಶೋ ಆದ ಮೇಲೆ ಅನೇಕ ದರಗಳಲ್ಲಿ ಸಿಗುವುದಿಲ್ಲ, ಸಿಕ್ಕರೂ ದಂಡ ಕಳೆದೇ ಸಿಗುತ್ತದೆ. ಗಡುವು ಹೊರಡುವ ಎಷ್ಟು ಗಂಟೆ ಮುಂಚೆ ಎಂದು ಈಗಲೇ ನೋಡಿ ಫೋನಿನಲ್ಲಿ ಅಲಾರಂ ಇಟ್ಟುಬಿಡಿ. ಆ ಹೊತ್ತಿಗೆ ನೀವು ಇನ್ನೂ ಮೀಟಿಂಗಿನಲ್ಲೇ ಇದ್ದರೆ ಅಲಾರಂ ನೆನಪಿಸುತ್ತದೆ.

ರದ್ದು ಮಾಡಿದ್ದಕ್ಕೆ ಬರುವ ಇಮೇಲ್ ಇಟ್ಟುಕೊಳ್ಳಿ. ಅದರಲ್ಲಿ ಬುಕಿಂಗ್ ರದ್ದಾಯಿತು ಎಂದಷ್ಟೇ ಇದ್ದರೆ ಸಾಲದು, ಟಿಕೆಟ್ ರಿಫಂಡ್‌ಗೆ ಹೋಗಿದೆಯೇ ಎಂದು ಟಿಕೆಟ್ ನಂಬರ್ ಹೇಳಿ ಕೇಳಿ. ಉಳಿಸಿಕೊಂಡದ್ದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ ಇವತ್ತೊಮ್ಮೆ, ಹೊರಡುವ ಎರಡು ದಿನ ಮುಂಚೆ ಮತ್ತೊಮ್ಮೆ ತೆರೆಯಿರಿ. ಹಾರಾಟ ‘ಕನ್ಫರ್ಮ್ಡ್’ ಎಂದಿರಬೇಕು. ಫೋನಿನಲ್ಲಿ ವಿಚಾರಿಸಿದರೆ ‘ಸೆಗ್ಮೆಂಟ್ ಎಚ್‌ಕೆ ಇದೆಯಾ’ ಎಂದು ಕೇಳಿ. ಸೆಗ್ಮೆಂಟ್ ಅಂದರೆ ಬುಕಿಂಗಿನಲ್ಲಿರುವ ಒಂದು ಹಾರಾಟ. ಎಚ್‌ಕೆ ಅಂದರೆ ಸೀಟು ಇದೆ. ಎಚ್‌ಎಕ್ಸ್ ಎಂದರೆ ರದ್ದಾಗಿದೆ, ಆಗ ಫೋನ್ ಇಡದೆ ಅದೇ ಕರೆಯಲ್ಲಿ ಸೀಟು ವಾಪಸ್ ಹಾಕಿಸಿ.